ಬೆಕ್ಕು ನಾಯಿಗಳ ಕೂದಲು: ‘ಉದುರು’, ‘ಬಿಡು’, ‘ಬೋಳಾಗು’

ಸಾಕಿದ ಬೆಕ್ಕು ನಾಯಿಗಳ ಚರ್ಮರೋಗಗಳನ್ನು ಕುರಿತು ಕಿರುಹೊತ್ತಗೆಯೊಂದನ್ನು ಬರೆಯುತ್ತಿದ್ದೇನೆ. ಮೈಕೂದಲು ಇಲ್ಲವಾಗಿ ಚರ್ಮ ಕಾಣುವ, ಪಶುವೈದ್ಯರು ‘ಅಲೋಪೇಸಿಯಾ’ ಎನ್ನುವ ಸ್ಥಿತಿಗೆ ಮೊದಲ ಕರಡಿನಲ್ಲಿ ‘ಕೂದಲು ಉದುರುವಿಕೆ’ ಎಂದು ಬರೆದೆನಾದರೂ, ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಆ ಪದ ಕೈಕೊಟ್ಟಿತು.

ಅದಕ್ಕೆ ಕಾರಣ ಬೆಕ್ಕು. ಚಿಗಟದ ಕಡಿತ ಮೈಗೊಗ್ಗದ ಬೆಕ್ಕು ತನ್ನ ಹೊಟ್ಟೆಯನ್ನೂ ಒಳತೊಡೆಯನ್ನೂ ನೆಕ್ಕಿ ನೆಕ್ಕಿ ಬೋಳು ಮಾಡಿಕೊಳ್ಳುತ್ತದೆ. ನಾಲಗೆಯ ಮೇಲಿನ ಸಣ್ಣ ಮುಳ್ಳುಗಳಿಗೆ ಸಿಕ್ಕಿ ಅಲ್ಲಿ ಕೂದಲು ತುಂಡಾಗುತ್ತದೆಯೇ ಹೊರತು ಉದುರುವುದಿಲ್ಲ. ಎಷ್ಟೋ ಬೆಕ್ಕುಗಳು ಮರೆಯಲ್ಲಿ ಕುಳಿತು ನೆಕ್ಕಿಕೊಳ್ಳುವುದರಿಂದ, ಅದನ್ನು ಕಾಣದ ಮನೆಯವರು ‘ಕೂದಲು ಉದುರುತ್ತಿದೆ’ ಎಂದೇ ವೈದ್ಯರಿಗೆ ಹೇಳುತ್ತಾರೆ. ವೈದ್ಯರು ನಾಲ್ಕು ಕೂದಲು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ತುದಿ ಮುರಿದಿದ್ದರೆ ಅದು ನೆಕ್ಕಿದ್ದರ ಗುರುತು. ತುದಿ ಸಹಜವಾಗಿ ಸಣ್ಣಗಾಗುತ್ತಾ ಹೋಗಿದ್ದರೆ ಬೋಳಾದ ಜಾಗದ ಕೂದಲು ಬುಡದಿಂದ ತಾನಾಗಿ ಬಿದ್ದಿರಬೇಕು. ‘ಉದುರು’ ಎಂಬ ಕ್ರಿಯಾಪದ ಸಲ್ಲುತ್ತದೆಯೇ ಎಂಬ ನಮ್ಮ ಪ್ರಶ್ನೆಯನ್ನೇ ಅವರು ಹೀಗೆ ಬೇರೊಂದು ಬಗೆಯಲ್ಲಿ ಕೇಳಿಕೊಂಡಂತಾಯಿತು.

ನಾಯಿಯ ಮಾತು ಬೇರೆ. ಋತು ಬದಲಾದಾಗ ಹಳೆಯ ಕೂದಲು ಹೋಗಿ ಹೊಸದು ಬರುವುದಕ್ಕೆ ‘ಬಿಡು’ ಎಂಬುದೇ ಒಪ್ಪುತ್ತದೆ. ಹಾವು ಪೊರೆ ಬಿಡುವಂತೆ ನಾಯಿ ಕೂದಲು ಬಿಡುತ್ತದೆ, ಅದು ರೋಗವಲ್ಲ. ಥೈರಾಯ್ಡ್ ಕೊರತೆಯಿಂದ ಮೈಯ ಎರಡು ಪಕ್ಕೆಗಳೂ ಬಾಲವೂ ತುರಿಕೆಯಿಲ್ಲದೆ ಬೋಳಾದಾಗ ಮಾತ್ರ ‘ಉದುರುವಿಕೆ’ ನಿಜವಾಗಿ ಸರಿಹೊಂದುತ್ತದೆ. ಇನ್ನು ‘ಕಜ್ಜಿ’ಯ ತೊಡಕು. ವಿಪರೀತ ತುರಿಸುವ, ಇತರ ನಾಯಿಗಳಿಗೂ ಮನುಷ್ಯರಿಗೂ ದಾಟುವ ಸಾರ್ಕಾಪ್ಟಿಸ್ ನುಸಿಯದೂ ಕಜ್ಜಿಯೇ. ಕೂದಲಿನ ಬುಡದ ಗೂಡಿನಲ್ಲಿ ನೆಲಸಿ ಹೆಚ್ಚಾಗಿ ಮರಿಗಳನ್ನು ಕಾಡುವ, ಮನುಷ್ಯರಿಗೆ ಅಂಟದ ಡೆಮೋಡೆಕ್ಸ್ ನುಸಿಯದೂ ಕಜ್ಜಿಯೇ. ‘ಹುಳುಕಡ್ಡಿ’ಯಲ್ಲಂತೂ ಹುಳುವೇ ಇಲ್ಲ, ಅದು ಶಿಲೀಂಧ್ರದ ಸೋಂಕು, ಹೊಟ್ಟೆಹುಳುವಿನ ಮಾತ್ರೆ ನುಂಗಿಸಿ ಅದು ವಾಸಿಯಾಗಲೆಂದು ಕಾದರೆ ಫಲವಿಲ್ಲ.

‘ಅಲೋಪೇಸಿಯಾ’ ಎಂಬುದು ಗ್ರೀಕಿನಲ್ಲಿ ನರಿ ಎಂಬರ್ಥದ ‘ಅಲೋಪೆಕ್ಸ್’ನಿಂದ, ನರಿಗೆ ಹತ್ತುವ ಕಜ್ಜಿಯನ್ನು ನೋಡಿ ಹುಟ್ಟಿದ ಪದ. ಪ್ರಾಣಿಯಿಂದ ಮನುಷ್ಯನ ತಲೆಗೆ ಏರಿದ ಆ ಪದವನ್ನು ಮತ್ತೆ ಪ್ರಾಣಿಗೆ ಇಳಿಸುವಾಗ, ಮನುಷ್ಯರ ಕೂದಲು ಉದುರುವುದಕ್ಕೆ ಆಯುರ್ವೇದದಲ್ಲಿರುವ ‘ಖಾಲಿತ್ಯ’, ‘ಇಂದ್ರಲುಪ್ತ’ಗಳನ್ನು ತಂದು ಬೆಕ್ಕಿನ ಹೊಟ್ಟೆಗೆ ಹಚ್ಚುವುದು ನನಗೆ ಒಗ್ಗಲಿಲ್ಲ.

ಕಾರಣವನ್ನು ಹೇಳದೆ ಕಂಡದ್ದನ್ನಷ್ಟೇ ಹೇಳುವ ‘ಬೋಳಾಗುವಿಕೆ’ ಸೂಕ್ತವೆಂದು ಸದ್ಯಕ್ಕೆ ತೋರುತ್ತದೆ. ಆದರೆ ಹೆಂಗಸರನ್ನು ಹೀಗಳೆಯುವ ಬೈಗುಳವೊಂದು ಇದೇ ಮೂಲದ್ದಾದ್ದರಿಂದ, ಕೆಲವು ಓದುಗರಿಗೆ ಕಸಿವಿಸಿಯಾದೀತು ಎಂಬ ಅಳುಕೂ ಇದೆ. ಮೈಕೂದಲಿಗೆ ‘ತುಪ್ಪಳ’ವೋ ‘ರೋಮ’ವೋ ಎಂಬುದೂ ತೀರ್ಮಾನವಾಗಿಲ್ಲ. ‘ಉಣ್ಣೆ’ಯನ್ನಂತೂ ಕೈಬಿಟ್ಟಿದ್ದೇನೆ, ರಕ್ತ ಹೀರುವ ಉಣ್ಣೆಗೂ ಅದೇ ಹೆಸರಿರುವಾಗ ‘ನಾಯಿಯ ಉಣ್ಣೆ ಉದುರಿತು’ ಎಂದರೆ ಓದುಗರು ಸಂತೋಷಪಟ್ಟಾರು.

ಕುರಿ ಸಾಕುವ ಮನೆತನದವರು ಕುರಿಯ ಮೈಯಲ್ಲಿ ಅಲ್ಲಲ್ಲಿ ಕೂದಲು ಹೋಗಿ ಚರ್ಮ ಕಾಣಿಸಿದಾಗ ಬಳಸುವ ಪ್ರತ್ಯೇಕ ಪದವಿದ್ದರೆ, ಬಲ್ಲವರು ಆ ಪದವನ್ನೂ ಅದು ಯಾವ ಸೀಮೆಯ ಬಳಕೆಯೆಂಬುದನ್ನೂ ದಯವಿಟ್ಟು ತಿಳಿಸಬೇಕು.