ಸಹಾಯ ಬೇಕು: ಎರಡು ಮಷೀನಿನ ಪೆಟ್ ಸ್ಕ್ಯಾನ್ ಹೋಲಿಸುವುದು ಹೇಗೆ?

ನಾವು ಬಾಗಲಕೋಟೆಯವರು. ಅತ್ತೆಗೆ ಲಿಂಫೋಮಾ (ದುಗ್ಧರಸ ಗ್ರಂಥಿಗಳ ಕ್ಯಾನ್ಸರ್). ಮೊದಲ ಪೆಟ್ ಸ್ಕ್ಯಾನ್ ಬೆಂಗಳೂರಿನಲ್ಲಿ, ಕೀಮೋ ನಡುವಿನದು ಹುಬ್ಬಳ್ಳಿಯಲ್ಲಿ. ಕತ್ತಿನ ಗಂಟಿನ ಎಸ್‌ಯುವಿ ಮ್ಯಾಕ್ಸ್ (ಗಂಟು ಇಂಜೆಕ್ಷನ್ ಔಷಧಿಯನ್ನು ಎಷ್ಟು ಹೀರಿದೆ ಎಂದು ತೋರಿಸುವ ಗರಿಷ್ಠ ಅಂಕಿ) 9 ಇದ್ದದ್ದು 6ಕ್ಕೆ ಬಂದಿದೆ. ಇದು ನಿಜವಾದ ಇಳಿಕೆಯೋ, ಮಷೀನಿನ ವ್ಯತ್ಯಾಸವೋ?

ವಿಕಿರಣ ಸೂಸುವ ಸಕ್ಕರೆಯಂಥ ಔಷಧಿಯ ಇಂಜೆಕ್ಷನ್ ಆಗಿ ಸುಮಾರು 60 ನಿಮಿಷಕ್ಕೆ ಸ್ಕ್ಯಾನ್ ಮಾಡುತ್ತಾರೆ. ತಡವಾದರೆ ಗಡ್ಡೆಯ ಈ ಅಂಕಿ ಸಾಮಾನ್ಯವಾಗಿ ಏರುತ್ತದೆ. ಕೆಲವು ಹೊಸ ಮಷೀನುಗಳ ಪಿಎಸ್‌ಎಫ್ ಲೆಕ್ಕಾಚಾರ (ಚಿತ್ರದ ಮಸುಕು ಸರಿಪಡಿಸುವ ವಿಧಾನ) ಸಣ್ಣ ಗಂಟಿನ ಅಂಕಿಯನ್ನು ಇನ್ನೂ ಜಾಸ್ತಿ ತೋರಿಸುತ್ತದೆ. ಯುರೋಪಿನಲ್ಲಿ ಇದಕ್ಕೆಂದೇ ಅರ್ಲ್ ಮಾನದಂಡ ಇದೆ. ಒಂದೇ ಬಗೆಯ ಫ್ಯಾಂಟಮ್ (ಪರೀಕ್ಷೆಗೆಂದೇ ಮಾಡಿದ ಮಾದರಿ) ಸ್ಕ್ಯಾನ್ ಮಾಡಿ ಮಷೀನುಗಳನ್ನು ಹೊಂದಿಸುತ್ತಾರೆ. ನಮ್ಮ ರಿಪೋರ್ಟಿನಲ್ಲಿ ಇಂಜೆಕ್ಷನ್ ಸಮಯವೂ ಇಲ್ಲ!

ಡೋವಿಲ್ ಅಂಕ (ಲಿಂಫೋಮಾ ಚಿಕಿತ್ಸೆ ಎಷ್ಟು ಫಲಿಸಿದೆ ಎಂದು ಹೇಳುವ 1ರಿಂದ 5ರ ಅಂಕ) ಗಂಟನ್ನು ಅದೇ ಸ್ಕ್ಯಾನಿನ ಲಿವರ್ ಜೊತೆ ಹೋಲಿಸುತ್ತದೆ, ಹಾಗಾಗಿ ಅದೇ ಹೆಚ್ಚು ನಂಬಿಕೆಯದ್ದು ಅನ್ನಿಸುತ್ತದೆ. ಸರಿ ಅಲ್ವಾ? ಎರಡೂ ಸ್ಕ್ಯಾನಿನ ಚಿತ್ರಗಳಿರುವ ಡೈಕಾಂ ಸಿಡಿ ನಮ್ಮ ಬಳಿ ಇವೆ. ಬೆಳಗಾವಿ, ವಿಜಯಪುರ ಕಡೆ ಇವನ್ನು ಒಟ್ಟಿಗೆ ನೋಡಿ ಹೇಳುವ ನ್ಯೂಕ್ಲಿಯರ್ ಮೆಡಿಸಿನ್ ಡಾಕ್ಟರ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮುಂದಿನ ಕೀಮೋಗೆ ಮೊದಲೇ ತೋರಿಸಬೇಕು.