ಡಿಡಬ್ಲ್ಯುಎಂ ಕೋಡ್‌ಗೆ ಕೈ ಹಾಕಿದವರು ಅನುಭವ ಹೇಳಿ

ಕೇಳಿದವರು: ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಡಿಡಬ್ಲ್ಯುಎಂ (ಲಿನಕ್ಸ್ ಪರದೆಯ ಮೇಲೆ ವಿಂಡೋಗಳನ್ನು ಜೋಡಿಸುವ ಪುಟ್ಟ ಪ್ರೋಗ್ರಾಂ, ಅಂದ್ರೆ ವಿಂಡೋ ಮ್ಯಾನೇಜರ್) ಬಳಸ್ತಿದ್ದೀನಿ. ವಿಂಡೋಗಳ ನಡುವೆ ಸ್ವಲ್ಪ ಜಾಗ ಬಿಡಿಸಬೇಕು, ಮೇಲಿನ ಬಾರ್‌ನಲ್ಲಿ ಕನ್ನಡ ಟೈಟಲ್ ಒಡೆದು ಕಾಣೋದನ್ನ ಸರಿಮಾಡಬೇಕು. ಸಿ ಭಾಷೆ ತಕ್ಕಮಟ್ಟಿಗೆ ಬರುತ್ತೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1: ಮೊದಲು ಝೆಫಿರ್ ಹಾಕಿಕೊಳ್ಳಿ. ಒಂದು ವಿಂಡೋ ಒಳಗೇ ಇನ್ನೊಂದು ಎಕ್ಸ್ ಸರ್ವರ್ (ಪರದೆ, ಕೀಬೋರ್ಡ್, ಮೌಸ್ ನೋಡಿಕೊಳ್ಳುವ ಪ್ರೋಗ್ರಾಂ) ಓಡುತ್ತೆ; ನೀವು ತಿದ್ದಿದ ಡಿಡಬ್ಲ್ಯುಎಂ ಅನ್ನು ಅದರಲ್ಲೇ ಓಡಿಸಿ ನೋಡಿ. ನಾನು ಹಾಗೆ ಮಾಡದೆ ದಿನನಿತ್ಯದ ಸೆಷನ್‌ನಲ್ಲೇ ಪರೀಕ್ಷೆಗಿಳಿದೆ. ವಿಂಡೋ ಅಳತೆಯಿಂದ ಗ್ಯಾಪ್ (ನಡುವಿನ ಜಾಗ) ಕಳೆಯುವ ಲೆಕ್ಕದಲ್ಲಿ ಒಂದು ವಿಂಡೋದ ಅಗಲ ಸೊನ್ನೆಗೆ ಬಂತು. ಸರ್ವರ್‌ನಿಂದ ಬ್ಯಾಡ್‌ವ್ಯಾಲ್ಯೂ ಎರರ್, ಡಿಡಬ್ಲ್ಯುಎಂ ಬಂದ್, ಜೊತೆಗೆ ಇಡೀ ಸೆಷನ್ ಹೋಯಿತು. ಸೇವ್ ಮಾಡದೆ ಬಿಟ್ಟಿದ್ದ ಎರಡು ಗಂಟೆಯ ಕೆಲಸ ಮತ್ತೆ ಸಿಗಲಿಲ್ಲ. ಮೂಲ ಕೋಡ್‌ನ ರೀಸೈಜ್ ಫಂಕ್ಷನ್ ವಿಂಡೋ ತೀರಾ ಚಿಕ್ಕದಾಗದಂತೆ ನೋಡಿಕೊಳ್ಳುತ್ತೆ. ನಾನು ಅದನ್ನು ದಾಟಿ, ಆ ತಪಾಸಣೆ ಇಲ್ಲದ ರೀಸೈಜ್‌ಕ್ಲೈಂಟ್ ಫಂಕ್ಷನ್ ಅನ್ನು ನೇರವಾಗಿ ಕರೆದಿದ್ದೆ.

ಗ್ಯಾಪ್ ಕೆಲಸಕ್ಕೆ, ವಿಂಡೋಗಳನ್ನು ಪಕ್ಕಪಕ್ಕ ಹೊಂದಿಸುವ ಟೈಲ್ ಫಂಕ್ಷನ್ ಒಂದನ್ನೇ ಓದಿದರೆ ಸಾಲದು. ಮ್ಯಾನೇಜ್, ಅರೇಂಜ್, ರೀಸೈಜ್ ಕೂಡ ಓದಿ. 2000 ಸಾಲು ದಾಟಬಾರದು ಅನ್ನೋದು ಡಿಡಬ್ಲ್ಯುಎಂ ಬರೆದ ಸಕ್‌ಲೆಸ್ ಗುಂಪಿನವರು ಹಾಕಿಕೊಂಡ ಮಿತಿ, ಹಾಗಾಗಿ ಒಂದು ಭಾನುವಾರ ಕೂತರೆ ಪೂರ್ತಿ ಓದಬಹುದು. ಇಷ್ಟು ಓದಿಸಿಕೊಳ್ಳುವ ಕೋಡ್ ಬೇರೆ ಕಡೆ ನಾನು ಕಂಡಿಲ್ಲ.

ಉತ್ತರ 2: ನನ್ನನ್ನು ಒಂದು ವಾರ ಕಾಡಿದ್ದು ಫೋಕಸ್, ಅಂದರೆ ಟೈಪ್ ಮಾಡಿದ್ದು ಯಾವ ವಿಂಡೋಗೆ ಹೋಗುತ್ತೆ ಅನ್ನೋದು. ಹೊಸ ಶಾರ್ಟ್‌ಕಟ್ ಒತ್ತಿದರೆ ವಿಂಡೋಗಳು ಸರಿಯಾಗೇ ಜಾಗ ಬದಲಿಸುತ್ತಿದ್ದವು, ಆದರೆ ಟೈಪ್ ಮಾಡಿದ್ದು ಪಕ್ಕದ ಟರ್ಮಿನಲ್‌ಗೆ ಹೋಗುತ್ತಿತ್ತು. ಪಾಯಿಂಟರ್ ಒಂದು ವಿಂಡೋ ಒಳಗೆ ಬಂತು ಅನ್ನುವ ಈವೆಂಟ್ (ಸರ್ವರ್ ಕಳಿಸುವ ಸೂಚನೆ) ನೋಡಿಕೊಳ್ಳುವ ಎಂಟರ್‌ನೋಟಿಫೈ ಫಂಕ್ಷನ್ ಒಳಗೆ, ಸಂದೇಶ ಮುದ್ರಿಸುವ ಒಂದು ಎಫ್‌ಪ್ರಿಂಟ್‌ಎಫ್ ಸಾಲು ಹಾಕಿದಾಗ ವಿಷಯ ಗೊತ್ತಾಯಿತು. ಮೌಸ್ ಅಲುಗಾಡಿರಲಿಲ್ಲ, ವಿಂಡೋನೇ ಸರಿದು ಪಾಯಿಂಟರ್ ಕೆಳಗೆ ಬಂದಿತ್ತು. ಸರ್ವರ್ ಆಗಲೂ ಅದೇ ಈವೆಂಟ್ ಕಳಿಸುತ್ತೆ. ಇಂಥ ಈವೆಂಟ್‌ಗಳನ್ನು ಎತ್ತಿ ಬಿಸಾಡುವ ಲೂಪ್ ರೀಸ್ಟ್ಯಾಕ್ ಫಂಕ್ಷನ್‌ನ ಕೊನೆಯಲ್ಲಿ ಮೊದಲೇ ಇದೆ. ರೀಸ್ಟ್ಯಾಕ್ ಅನ್ನು ಕರೆಯುವುದು ಅರೇಂಜ್; ನಾನು ಅದರ ಬದಲು ಅರೇಂಜ್‌ಮಾನ್ ಕರೆದಿದ್ದರಿಂದ ಅಲ್ಲಿಗೆ ತಲುಪುತ್ತಲೇ ಇರಲಿಲ್ಲ. ಬದಲಾಯಿಸಿದ್ದು ಒಂದೇ ಸಾಲು.

ಉತ್ತರ 3: ಕನ್ನಡದ ವಿಷಯ. ಬಾರ್‌ನಲ್ಲಿ ‘ಕನ್ನಡ’ ಅನ್ನೋದು ‘ಕನ್‌ನಡ’ ಆಗಿ ಕಾಣುತ್ತೆ ಅಲ್ವಾ? ಫಾಂಟ್ ಬದಲಿಸಿ ನೋಡುತ್ತಾ ದಿನ ಕಳೆಯಬೇಡಿ, ದೋಷ ಫಾಂಟ್‌ನದ್ದಲ್ಲ. ಡಿಡಬ್ಲ್ಯುಎಂ ಅಕ್ಷರ ಬರೆಸುವುದು ಎಕ್ಸ್‌ಎಫ್‌ಟಿ ಅನ್ನುವ ಲೈಬ್ರರಿ ಮೂಲಕ. ಅದು ಯೂನಿಕೋಡ್‌ನ ಒಂದೊಂದು ಸಂಕೇತಕ್ಕೂ ಒಂದೊಂದು ಚಿತ್ರ ಇಡುತ್ತಾ ಹೋಗುತ್ತೆ, ಒತ್ತಕ್ಷರ ಕೂಡಿಸುವುದಿಲ್ಲ. ಕೂಡಿಸುವ ಕೆಲಸ ಹಾರ್ಫ್‌ಬಝ್ ಅನ್ನುವ ಬೇರೆ ಲೈಬ್ರರಿಯದ್ದು. ಪಠ್ಯ ಜೋಡಿಸುವ ಪ್ಯಾಂಗೋ ಲೈಬ್ರರಿ ಬಳಸಿದರೆ ಅದು ತಾನಾಗೇ ಜೊತೆಗೆ ಬರುತ್ತೆ. ಐ3 ಅನ್ನುವ ಇನ್ನೊಂದು ವಿಂಡೋ ಮ್ಯಾನೇಜರ್‌ನಲ್ಲಿ ಪ್ಯಾಂಗೋ ಫಾಂಟ್ ಕೊಟ್ಟರೆ ಕನ್ನಡ ಟೈಟಲ್ ಸರಿಯಾಗಿ ಬರೋದು ಇದೇ ಕಾರಣಕ್ಕೆ.

ನೀವು ಅಕ್ಷರ ಬರೆಸುವ ಕೋಡ್ ಇರುವ ಡಿಆರ್‌ಡಬ್ಲ್ಯು.ಸಿ ಫೈಲ್ ತಿದ್ದಬೇಕಾಗುತ್ತೆ. ಬರೆಸುವ ಜಾಗದಲ್ಲಷ್ಟೇ ಪ್ಯಾಂಗೋ ಹಾಕಬೇಡಿ, ಅಗಲ ಅಳೆಯುವ ಜಾಗದಲ್ಲೂ ಹಾಕಿ. ಇಲ್ಲದಿದ್ದರೆ ಅಳತೆ ಹಳೆಯದು, ಅಕ್ಷರ ಹೊಸದಾಗಿ, ಟೈಟಲ್ ತಪ್ಪು ಜಾಗದಲ್ಲಿ ಕತ್ತರಿಸಿಹೋಗುತ್ತೆ. ಮಾಡಿ ಮುಗಿಸಿದರೆ ಪ್ಯಾಚ್ (ತಿದ್ದುಪಡಿಗಳ ಫೈಲ್) ದಯವಿಟ್ಟು ಹಂಚಿಕೊಳ್ಳಿ, ನನಗೂ ಬೇಕು.

ಉತ್ತರ 4: ಚಿಕ್ಕದೊಂದು ಮಾತು. ಗ್ಯಾಪ್‌ಗೆ ಒಂದು ಗಿಟ್ ಬ್ರಾಂಚ್ (ಕೋಡ್‌ನ ಪ್ರತ್ಯೇಕ ಕವಲು), ಕನ್ನಡಕ್ಕೆ ಇನ್ನೊಂದು ಇಟ್ಟುಕೊಳ್ಳಿ. ಪ್ಯಾಚ್ ಹಾಕಿದ ಮೇಲೆ ‘ಈ ವೇರಿಯಬಲ್ ಡಿಕ್ಲೇರ್ ಆಗಿಲ್ಲ’ ಅಂತ ಕಂಪೈಲರ್ ತಕರಾರು ತೆಗೆದರೆ ಗಾಬರಿ ಬೇಡ. ಪ್ಯಾಚ್ ಮುಟ್ಟುವುದು ಮಾದರಿ ಸೆಟ್ಟಿಂಗ್ ಫೈಲ್ ಆದ ಕಾನ್ಫಿಗ್.ಡೆಫ್.ಎಚ್ ಅನ್ನು; ಕಂಪೈಲ್ ಆಗುವಾಗ ಬಳಕೆಯಾಗುವ ನಿಮ್ಮ ಹಳೆಯ ಕಾನ್ಫಿಗ್.ಎಚ್ ಹಾಗೇ ಉಳಿದಿರುತ್ತೆ. ಆ ಹೊಸ ಸಾಲನ್ನು ನೀವೇ ಅದಕ್ಕೆ ಸೇರಿಸಿ.