ಮಾವ ಕೊಟ್ಟ ಹಳೇ ರಿಸೀವರ್, ಹೊಸ 4ಕೆ ಟಿವಿ: ಯಾವ ವೈರು ಎಲ್ಲಿಗೆ?

ಪ್ರಶ್ನೆ (ಕೊಪ್ಪದ ಹತ್ತಿರದಿಂದ):
ನಮಸ್ಕಾರ ಅಣ್ಣ. ಬೆಂಗಳೂರಿನ ಮಾವ ಮನೆ ಬದಲಿಸುವಾಗ ತಮ್ಮ ಹೋಂ ಥಿಯೇಟರ್ ರಿಸೀವರ್ (ಸ್ಪೀಕರ್‌ಗಳನ್ನು ನಡೆಸುವ ಆಂಪ್ಲಿಫೈಯರ್ ಪೆಟ್ಟಿಗೆ) ಮತ್ತು ಎರಡು ಸ್ಪೀಕರ್ ನಮಗೆ ಕೊಟ್ಟರು. 2011ರಲ್ಲಿ ತಗೊಂಡದ್ದಂತೆ. ಹಿಂದೆ ಎಚ್‌ಡಿಎಂಐ ಇನ್ ನಾಲ್ಕು, ಔಟ್ ಒಂದು. ಔಟ್ ಪಕ್ಕ ಎಆರ್‌ಸಿ ಅಂತ ಬರೆದಿದೆ. ಈ ಸಲ ಅಡಿಕೆ ಕೊಟ್ಟ ಮೇಲೆ ಹೊಸ 4ಕೆ ಟಿವಿ ತಂದೆವು. ಸ್ಟ್ರೀಮಿಂಗ್ ಸ್ಟಿಕ್ಕನ್ನು ರಿಸೀವರ್‌ಗೆ ಹಾಕಿದರೆ ಸೌಂಡ್ ಬರುತ್ತದೆ, ಆದರೆ 4ಕೆ ಚಿತ್ರ ಬರಲ್ಲ. ಕೆಲವು ಸಲ ಪರದೆಯೇ ಕಪ್ಪು. ನೇರ ಟಿವಿಗೆ ಹಾಕಿದರೆ ಚಿತ್ರ ಚೆಂದ, ರಿಸೀವರ್ ಮೂಕ. ಕೇಬಲ್ ಎರಡು ಸಲ ಬದಲಿಸಿದೆ. ಇನ್ನೊಂದು, ಅಟ್ಟದ ಮೇಲೆ ಹಳೇ ಡಿವಿಡಿ ಸೆಟ್ಟಿನ ಐದು ಸ್ಪೀಕರ್, ಒಂದು ವೂಫರ್ ಇವೆ. ಇದಕ್ಕೆ ಹಾಕಬಹುದಾ? ತಮ್ಮ ಹೊಸ ರಿಸೀವರ್ರೇ ತಗೋ ಅಂತಾನೆ.

ಉತ್ತರ (ಶಿವಮೊಗ್ಗ, ಆಡಿಯೊ ರಿಪೇರಿ):
ತಮ್ಮನಿಗೆ ಸ್ವಲ್ಪ ತಡಿಯೋಕೆ ಹೇಳಿ. ರಿಸೀವರ್ ಕೆಟ್ಟಿಲ್ಲ, ವಯಸ್ಸಾಗಿದೆ ಅಷ್ಟೆ. ಕೇಬಲ್ಲಿಗೆ ಸುಮ್ನೆ ದುಡ್ಡು ಹಾಕಿದಿರಿ.

ನಿಮ್ಮದು ಎಚ್‌ಡಿಎಂಐ 1.4ರ ಕಾಲದ್ದು. 1.4 ಬಂದದ್ದು 2009ರಲ್ಲಿ. ಅದರಲ್ಲಿ 4ಕೆ ಹೋದರೂ ಸೆಕೆಂಡಿಗೆ 30 ಫ್ರೇಮ್‌ವರೆಗೆ ಮಾತ್ರ. 60 ಫ್ರೇಮ್ ಬಂದದ್ದು 2013ರ 2.0ರಲ್ಲಿ. ಅದಕ್ಕಿಂತ ದೊಡ್ಡ ತೊಡಕು ಎಚ್‌ಡಿಸಿಪಿ 2.2 ಅನ್ನುವ ಬೀಗ. 4ಕೆ ಸಿನಿಮಾ ಕಳ್ಳತನವಾಗಬಾರದು ಅಂತ ಹಾಕಿದ್ದು. ಸ್ಟಿಕ್ಕು, ರಿಸೀವರ್, ಟಿವಿ, ದಾರಿಯಲ್ಲಿರುವ ಎಲ್ಲರ ಹತ್ತಿರವೂ ಆ ಬೀಗದ ಕೀ ಇರಬೇಕು. ನಿಮ್ಮ ರಿಸೀವರ್ ಹತ್ತಿರ ಇಲ್ಲ. ಹಾಗಾಗಿ ಸ್ಟಿಕ್ಕು 1080ಕ್ಕೆ ಇಳಿಯುತ್ತದೆ, ಇಲ್ಲವೇ ಪರದೆ ಕಪ್ಪಾಗುತ್ತದೆ.

ಚಿತ್ರವನ್ನು ರಿಸೀವರ್ ಮೂಲಕ ಕಳಿಸುವ ಆಸೆ ಬಿಡಿ. ಸ್ಟಿಕ್ಕು ಟಿವಿಯಲ್ಲೇ ಇರಲಿ. ಟಿವಿ ಹಿಂದೆ ಎಆರ್‌ಸಿ ಅಥವಾ ಅದರ ಹೊಸ ರೂಪ ಇ-ಎಆರ್‌ಸಿ ಅಂತ ಬರೆದ ಒಂದೇ ಒಂದು ಎಚ್‌ಡಿಎಂಐ ಇರುತ್ತದೆ. ಅಲ್ಲಿಂದ ಕೇಬಲ್ ತಂದು ರಿಸೀವರ್‌ನ ಔಟ್‌ಗೆ ಹಾಕಿ. ಇನ್‌ಗೆ ಅಲ್ಲ, ಔಟ್‌ಗೇ. ಸೌಂಡ್ ಒಳಗೆ ಬರಬೇಕಾದ್ದು ಔಟ್‌ಗೆ ಯಾಕೆ ಹಾಕೋದು ಅಂತ ಎಲ್ಲರೂ ಕೇಳ್ತಾರೆ. ಎಆರ್‌ಸಿಯಲ್ಲಿ ಸೌಂಡ್ ಅದೇ ಕೇಬಲ್ಲಿನಲ್ಲಿ ಟಿವಿಯಿಂದ ವಾಪಸ್ ಬರುತ್ತದೆ, ಅದಕ್ಕೆ. ಎರಡೂ ಕಡೆ ಸಿಇಸಿ (ಎಚ್‌ಡಿಎಂಐ ಮೂಲಕ ಟಿವಿ, ರಿಸೀವರ್ ಒಂದನ್ನೊಂದು ನಿಯಂತ್ರಿಸುವ ವ್ಯವಸ್ಥೆ) ಆನ್ ಮಾಡಿ. ಒಂದೊಂದು ಕಂಪನಿ ಅದಕ್ಕೆ ಒಂದೊಂದು ಹೆಸರಿಟ್ಟಿದೆ, ಮೆನುವಿನಲ್ಲಿ ಹುಡುಕಬೇಕು.

ಅದೂ ಆಗದಿದ್ದರೆ ಸೌಂಡನ್ನು ಬೆಳಕಾಗಿ ಕಳಿಸುವ ಆಪ್ಟಿಕಲ್ ಕೇಬಲ್ ಇದೆ. 1983ರಲ್ಲಿ ತೋಷಿಬಾದವರು ತಂದದ್ದು, ಇವತ್ತಿಗೂ ನಡೀತಿದೆ. ಡಾಲ್ಬಿ ಡಿಜಿಟಲ್ 5.1, ಅಂದ್ರೆ ಐದು ಸ್ಪೀಕರ್, ಒಂದು ವೂಫರ್‌ನ ಸೌಂಡ್, ಆರಾಮಾಗಿ ಹೋಗುತ್ತದೆ. ಹೊಸ ಕೇಬಲ್ಲಿನ ತುದಿಯಲ್ಲಿ ಉಗುರಿನಷ್ಟು ಸಣ್ಣ, ಕಣ್ಣಿಗೇ ಕಾಣದಂಥ ಪ್ಲಾಸ್ಟಿಕ್ ಟೋಪಿ ಇರುತ್ತದೆ. ಅದನ್ನು ತೆಗೆಯದೆ ಒತ್ತಿ ಒತ್ತಿ ಪೋರ್ಟ್ ಬಾಗಿಲು ಮುರಿದುಕೊಂಡು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ.

ಸೆಟ್ ಟಾಪ್ ಬಾಕ್ಸ್, ಬ್ಲೂರೇ ಪ್ಲೇಯರ್ ಇದ್ದರೆ ರಿಸೀವರ್‌ಗೇ ಹಾಕಿ. 1080 ಚಿತ್ರಕ್ಕೆ ಅದಕ್ಕೇನೂ ತೊಂದರೆ ಇಲ್ಲ. ಬ್ಲೂರೇ ಡಿಸ್ಕಿನ ಡಾಲ್ಬಿ ಟ್ರೂಎಚ್‌ಡಿ ಸೌಂಡ್ ಮಾಮೂಲಿ ಎಆರ್‌ಸಿಯಲ್ಲಿ ಬರಲ್ಲ, ಇ-ಎಆರ್‌ಸಿ ಬೇಕು. ನೇರ ರಿಸೀವರ್‌ಗೆ ಹಾಕಿದರೆ ಆ ತಕರಾರೇ ಇಲ್ಲ.

ಅಟ್ಟದ ಸ್ಪೀಕರ್ ಬೇಡ. ತಿರುಗಿಸಿ ಚೀಟಿ ನೋಡಿ, ಆ ಥರದ ಸೆಟ್ಟಿನವು ಹೆಚ್ಚಾಗಿ 3 ಅಥವಾ 4 ಓಮ್. ರಿಸೀವರ್ ಹಿಂದೆ 6 ಓಮ್‌ಗಿಂತ ಕಡಿಮೆ ಬೇಡ ಅಂತ ಬರೆದಿರುತ್ತದೆ. ಓಮ್ ಇಳಿದಷ್ಟೂ ಕರೆಂಟ್ ಜಾಸ್ತಿ ಎಳೆಯುತ್ತವೆ. ಫೈಟಿಂಗ್ ಸೀನ್ ಬಂದಾಗ ರಿಸೀವರ್ ಪ್ರೊಟೆಕ್ಟ್ ಅಂತ ತೋರಿಸಿ ಆಫ್ ಆಗಿಬಿಡುತ್ತದೆ. ಆ ವೂಫರ್ ಒಳಗೆ ಆಂಪ್ಲಿಫೈಯರ್ ಇರಲ್ಲ. ನಿಮ್ಮ ರಿಸೀವರ್ ವೂಫರ್‌ಗೆ ಕೊಡೋದು ಬರೀ ಸಿಗ್ನಲ್. ಸ್ವಂತ ಪವರ್ ಇರುವ ಸಬ್‌ವೂಫರ್ರೇ ಬೇಕು.

ಮಾವನ ಎರಡು ಸ್ಪೀಕರ್‌ನಲ್ಲೇ ಶುರು ಮಾಡಿ. ಒಂದು ಮರೀಬೇಡಿ. ಸ್ಪೀಕರ್ ಸೆಟಪ್‌ನಲ್ಲಿ ಸೆಂಟರ್, ಸರೌಂಡ್, ಸಬ್‌ವೂಫರ್ ಮೂರಕ್ಕೂ 'ಇಲ್ಲ' ಅಂತ ಕೊಡಿ. ಸೆಂಟರ್ ಇದೆ ಅಂತ ಬಿಟ್ಟರೆ ರಿಸೀವರ್ ಡೈಲಾಗನ್ನೆಲ್ಲ ಇಲ್ಲದ ಸ್ಪೀಕರ್‌ಗೆ ಕಳಿಸುತ್ತದೆ. ಹಾಡು, ಗುಂಡಿನ ಸದ್ದು ಜೋರು, ಮಾತು ಮಾತ್ರ ಮಾಯ.

ಪ್ರಶ್ನೆ (ಅವರೇ, ಮರುದಿನ):
ಅಣ್ಣ, ಎಆರ್‌ಸಿಯಲ್ಲಿ ಸೌಂಡ್ ಬಂತು! ಆದ್ರೆ ಅಪ್ಪ ಯಕ್ಷಗಾನ ಹಾಕಿದರೆ ಚಂಡೆಗೆ ಕೋಲು ಬಿದ್ದ ಮೇಲೆ ಸದ್ದು ಕೇಳುತ್ತದೆ. ಪದವೂ ಗುಯ್ ಅಂತದೆ.

ಉತ್ತರ:
ಸೌಂಡ್ ಹಿಂದೆ ಬೀಳ್ತಿದೆ. ರಿಸೀವರ್‌ನ ಆಡಿಯೊ ಡಿಲೇ ಸೊನ್ನೆ ಮಾಡಿ, ಅದನ್ನು ಏರಿಸಿದರೆ ಇನ್ನೂ ತಡವಾಗುತ್ತದೆ. ಟಿವಿಯ ಡಿಜಿಟಲ್ ಔಟ್‌ಪುಟ್ ಪಿಸಿಎಂಗೆ (ಒತ್ತಿ ಚಿಕ್ಕದು ಮಾಡದ ಸಾದಾ ಸೌಂಡ್‌ಗೆ) ಹಾಕಿ. ಐದು ಸ್ಪೀಕರ್ ಇದ್ದಿದ್ದರೆ ಡಾಲ್ಬಿ ಡಿಜಿಟಲ್ ಅಂತಲೇ ಹೇಳ್ತಿದ್ದೆ. ಈಗ ಎರಡೇ ಅಲ್ವಾ, ಕಳಕೊಳ್ಳೋದು ಏನೂ ಇಲ್ಲ. ಗುಯ್ ಅನ್ನೋದು ಹಾಲ್ ಮೋಡ್, ಅಂದ್ರೆ ದೊಡ್ಡ ಸಭಾಂಗಣದ ಪ್ರತಿಧ್ವನಿ ಸೇರಿಸುವ ಸೆಟ್ಟಿಂಗ್ ಇರಬೇಕು. ಸ್ಟೀರಿಯೊ ಅಥವಾ ಡೈರೆಕ್ಟ್‌ಗೆ ತನ್ನಿ. ಭಾಗವತರನ್ನು ಬಾವಿಗೆ ಇಳಿಸಬೇಡಿ ಮಾರಾಯ್ರೆ.

ಪ್ರಶ್ನೆ (ಸಾಗರದಿಂದ):
ಮಗ ಅಮೆರಿಕದಿಂದ ಬರುವಾಗ ಅವನ ರಿಸೀವರ್ ತರ್ತಾನಂತೆ. ಪಿನ್ ಬದಲಿಸಿದರೆ ಸಾಕಲ್ವಾ ಸರ್?

ಉತ್ತರ:
ಸಾಲದು ಸರ್. ಮೊದಲು ಹಿಂದಿನ ಫೋಟೋ ಕಳಿಸೋಕೆ ಹೇಳಿ. ಬರೀ 120 ವೋಲ್ಟ್ ಅಂತಿದ್ದರೆ ನಮ್ಮ 230ಕ್ಕೆ ಹಾಕಿದ ಕ್ಷಣವೇ ಹೊಗೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಹಿಂದೆ ಬರೆದ ವ್ಯಾಟ್‌ಗಿಂತ ಧಾರಾಳವಾಗಿ ದೊಡ್ಡದು. ಅದು ನಾಲ್ಕೈದು ಕೆಜಿ ತೂಗುತ್ತದೆ, ಬಿಸಿಯೂ ಆಗುತ್ತದೆ. ರೇಡಿಯೊ ಕೇಳುವವರಾದರೆ ಇನ್ನೊಂದು ತಮಾಷೆ. ಅಲ್ಲಿನ ಮೀಡಿಯಂ ವೇವ್ ಹತ್ತು ಹತ್ತು ಕಿಲೋಹರ್ಟ್ಸ್‌ನ ಮೆಟ್ಟಿಲು, ನಮ್ಮದು ಒಂಬತ್ತರದು. ಭದ್ರಾವತಿ ಆಕಾಶವಾಣಿಯ 675ರಲ್ಲಿ ನಿಲ್ಲೋದೇ ಇಲ್ಲ, 670 ಇಲ್ಲ 680. ಕೆಲವದರಲ್ಲಿ ಮೆನುವಿನಿಂದ ಬದಲಿಸಬಹುದು.

ಪ್ರಶ್ನೆ (ಹೊಸನಗರದಿಂದ):
ಮೇ ತಿಂಗಳ ಸಿಡಿಲಿಗೆ ನಮ್ಮ ರಿಸೀವರ್‌ನ ಎಚ್‌ಡಿಎಂಐ ಎಲ್ಲಾ ಹೋಯ್ತು. ಪ್ಲಗ್ ತೆಗೆದೇ ಇಟ್ಟಿದ್ದೆ. ಹೇಗೆ?

ಉತ್ತರ:
ಡಿಶ್ ಕೇಬಲ್ ತೆಗೆದಿದ್ದಿರಾ? ಮಾಡಿನ ಮೇಲಿನ ಡಿಶ್‌ನಿಂದ ಬಾಕ್ಸಿಗೆ, ಬಾಕ್ಸಿನಿಂದ ಎಚ್‌ಡಿಎಂಐ ಹಿಡಿದು ರಿಸೀವರ್‌ಗೆ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಬರುವ ಇಂಥ ಕೇಸುಗಳಲ್ಲಿ ಜಾಸ್ತಿ ಇದೇ ದಾರಿ. ಗುಡುಗು ಕೇಳಿದ ಕೂಡಲೇ ಪ್ಲಗ್ ಜೊತೆ ಡಿಶ್ ಕೇಬಲ್, ಇಂಟರ್‌ನೆಟ್ಟಿನ ಲ್ಯಾನ್ ವೈರ್ ಎರಡನ್ನೂ ಕೀಳಬೇಕು. ಸಿಡಿಲು ತಲೆ ಮೇಲೇ ಬಂದ ಮೇಲೆ ವೈರ್ ಮುಟ್ಟೋದು ಬೇಡ.

ಎಚ್‌ಡಿಎಂಐ ಬೋರ್ಡ್ ಸಿಗೋದು ಕಷ್ಟ, ಸಿಕ್ಕರೂ ದುಬಾರಿ. ಮೊದಲು ಆಪ್ಟಿಕಲ್ ಹಾಕಿ ನೋಡಿ. ಅದರಲ್ಲಿ ಹೋಗೋದು ಬೆಳಕು, ಸಿಡಿಲಿನ ಕರೆಂಟ್ ದಾಟಲ್ಲ. ಆ ಪೋರ್ಟ್ ಉಳಿದಿದ್ದರೆ ರಿಸೀವರ್ ಇನ್ನೂ ನಾಲ್ಕು ವರ್ಷ ಹಾಡಬಹುದು. ವಾಲ್ಯೂಮಿಗೆ ಮಾತ್ರ ಅದರ ರಿಮೋಟೇ ಬೇಕು.

ಪ್ರಶ್ನೆ (ಹೊಸನಗರದವರೇ):
ಹಾಕಿದೆ ಅಣ್ಣ, ಬಂತು. ಟೋಪಿ ತೆಗೆದೇ ಹಾಕಿದೆ.